‘ಬಾಸ್’ ಬೆನ್ನು ಹತ್ತಿದ ಖಾದರ್ ಸರ್

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಮುಕ್ಕುಂದದಿಂದ ಸಿಂಧನೂರಿಗೆ ಬರುತ್ತಿದ್ದ ನಮ್ಮ ಆಟೋ, ಹುಲ್ಲು ಹೇರಿದ ಟ್ರ್ಯಾಕ್ಟರಿಗೆ ದಾರಿ ಬಿಡಲು ಕಾಲುವೆ ಏರಿಯ ಅಂಚಿಗೆ ಸರಿದಿತ್ತು. "ಏ ಬಾಸ್, ಕಣ್ಣ ಕಾಣಂಗಿಲ್ಲೇನ್?" ಎಂದು ನಮ್ಮ ಡ್ರೈವರ್ ಕೂಗಿದ. ಖಾದರ್ ಸರ್ ಕೈಗಡಿಯಾರ ನೋಡಿ ಆ ‘ಬಾಸ್’ ಅನ್ನು ಹೊತ್ತಿನ ಸಮೇತ ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಲಿಂಗಸುಗೂರಿನ ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಹಿಡಿದದ್ದು ಒಂದೇ ಕೆಲಸ: ‘ಬಾಸ್’ ಎಂದು ಯಾರು, ಯಾರಿಗೆ, ಯಾಕೆ ಅನ್ನುತ್ತಾರೆಂದು ಬರೆದಿಡುವುದು. ಅದಕ್ಕಾಗಿ ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ದಿನ ಕೂತಿರುತ್ತಿದ್ದರು. ಹಮಾಲ ಮಿಲ್ ಮಾಲೀಕನಿಗೆ ಅನ್ನುವುದು ಒಂದು, ಪಾನ್ ಅಂಗಡಿಯವನು ಗುರುತಿಲ್ಲದವನಿಗೆ ಅನ್ನುವುದು ಇನ್ನೊಂದು, ಜಗಳಕ್ಕೆ ಮೊದಲು ತೋಳು ಏರಿಸುತ್ತಾ ಅನ್ನುವುದು ಬೇರೆಯೇ.

"ಡಚ್ಚರ ಶಬ್ದಲೇ ಇದು. ಅಮೆರಿಕದಾಗ ಕೂಲಿ ಮಾಡೋರಿಗೆ ಒಡೆಯಾ ಅನ್ನಾಕ ಮನಸಿರಲಿಲ್ಲ, ಇದನ್ನ ಹಿಡಿದ್ರು. ನಮ್ಮ ಕಡೀನೂ ನೋಡು, ಧಣಿ ಅನ್ನಾಕ ಒಲ್ಲದ ಹುಡುಗ್ರು ಬಾಸ್ ಅನ್ನಾಕತ್ತಾರ. ಬೆನ್ನು ಒಂದೀಟು ನೆಟ್ಟಗಾಗ್ಯಾವ" ಎಂದರು ಸರ್, ಪುಸ್ತಕ ಜೇಬಿಗೆ ಹಾಕುತ್ತಾ.

"ನಾ ನಿಮಗ ಬಾಸ್ ಅಂದ್ರ, ಸರ್?"

"ಕಪಾಳಕ್ಕ ಬಿಡ್ತೀನಿ."

ಅಷ್ಟರಲ್ಲಿ ಆಟೋದ ಕೆಳಗಿನ ಏರಿ ಕುಸಿಯಿತು. ಆಟೋ ಕಾಲುವೆಗೆ ಬಿತ್ತು. ಡ್ರೈವರ್ ಈಜಿ ದಡ ಸೇರಿದ. ನನ್ನ ಎಡಗೈ ಕಲ್ಲಿನ ಸಂದಿಯಲ್ಲಿ, ಬಲಗೈಯಲ್ಲಿ ಸರ್ ಅವರ ಮುಂಗೈ. ಅವರಿಗೆ ಈಜು ಬರುತ್ತಿರಲಿಲ್ಲ. "ಗಟ್ಟಿ ಹಿಡಿಯೋ" ಅಂದರು, ಒಂದೇ ಸಲ. ಗದ್ದೆಯಿಂದ ಓಡಿಬಂದ ಆಳುಗಳು ತಲೆಯ ರುಮಾಲು ಬಿಚ್ಚಿ, ಒಂದಕ್ಕೊಂದು ಗಂಟು ಹಾಕಿ ಎಸೆದರು. "ಬಾಸ್, ಹಿಡೀರಿ! ಬಾಸ್!" ಕಲ್ಲಿನಿಂದ ನನ್ನ ಬೆರಳುಗಳು ಜಾರುತ್ತಿದ್ದವು. ರುಮಾಲು ಹಿಡಿಯಲು ಒಂದು ಕೈ ಬೇಕಿತ್ತು. ಬಲಗೈ ಚಾಚಿದೆ.

ಆ ‘ಬಾಸ್’ ಯಾವ ಬಗೆಯದೆಂದು ಬರೆದುಕೊಳ್ಳಬೇಕಿದ್ದವರು ಮರುದಿನ ಮುಂಜಾನೆ ಕೆಳಗಿನ ತೂಬಿನ ಬಳಿ ಸಿಕ್ಕರು.

ನೀರಿನ ಸೆಳೆತಕ್ಕೆ ಹೋದರೆಂದೇ ಎಲ್ಲರಿಗೂ ಹೇಳಿದೆ. ಕಣ್ಣು ಮುಚ್ಚಿದರೆ ಬಲಗೈ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬೆಚ್ಚಿ ಎದ್ದು ಕೂರುತ್ತಿದ್ದೆ. ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆಗೆ ಗುರುಗುಂಟಾದ ಅವರ ಮನೆಗೆ ಹೋದೆ. ಉಂಡ ಜನ ಚದುರಿದ ಮೇಲೆ ಅವರ ಹೆಂಡತಿಯ ಮುಂದೆ ಕೂತೆ.

"ಅಮ್ಮಾ, ನೀರಲ್ರಿ. ನಾನ ಕೈ ಬಿಟ್ಟೆ."

ಅವರು ಮುಂದಿದ್ದ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು. ಆಮೇಲೆ, "ನೀರು ಭಾಳ ತಣ್ಣಗಿತ್ತೇನು?" ಎಂದರು.

"ಹೌದ್ರಿ."

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಹೋಗು ಬೇಟಾ. ಇನ್ನ ಈ ಮನೀಗೆ ಬರಬ್ಯಾಡ."

ಆ ದಿನ ರಾತ್ರಿ ಮಲಗಿದವನು, ಮುಖದ ಮೇಲೆ ಬಿಸಿಲು ಬಿದ್ದಾಗಲೇ ಎದ್ದೆ.