ಬ್ಯಾಟಿಂಗ್ ಟೀಮಿನ ಅಂಪೈರು

ಭಾನುವಾರ ಬೆಳಗ್ಗೆ ಬಿ.ಟಿ.ಎಂ. ಲೇಔಟಿನ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡೋರದ್ದು ಒಂದು ಪದ್ಧತಿ. ಯಾವ ಟೀಮು ಬ್ಯಾಟಿಂಗ್ ಮಾಡುತ್ತೋ ಆ ಟೀಮಿನವನೇ ಅಂಪೈರ್ ಆಗಿ ನಿಲ್ಲಬೇಕು. ಹೊರಗಿನವರನ್ನ ಕರೆಸೋಕೆ ಇದೇನು ಸ್ಟೇಡಿಯಂ ಮ್ಯಾಚೇ? ನಿಂತವನು ತನ್ನವರನ್ನ ಔಟ್ ಕೊಡಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಬೋಲ್ಡ್ ಆದ್ರೆ, ಕ್ಯಾಚ್ ಕೊಟ್ರೆ ಸರಿ, ಏನೂ ಮಾಡೋಕಾಗಲ್ಲ. ರನೌಟು, ಸ್ಟಂಪಿಂಗು ಮಾತ್ರ ಅಂಪೈರಿನ ಮನಸ್ಸಾಕ್ಷಿಗೆ ಬಿಟ್ಟಿದ್ದು. ಆ ಮನಸ್ಸಾಕ್ಷಿ ಯಾವ ಕಡೆ ವಾಲಬೇಕು ಅನ್ನೋದು ಎಲ್ಲರಿಗೂ ಗೊತ್ತು.

ಈ ಕೆಲಸದಲ್ಲಿ ಸುದ್ದಗುಂಟೆಪಾಳ್ಯದ ದೇವರಾಜನನ್ನ ಮೀರಿಸೋರೇ ಇರಲಿಲ್ಲ. ವಾರವೆಲ್ಲ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡೋ ಕೆಲಸ ಅವನದು. ನೀರು ಬಂದ್ರೆ ಯಾರೂ ವಿಚಾರಿಸಲ್ಲ, ಬರದಿದ್ರೆ ಎಲ್ಲರ ಬೈಗುಳವೂ ಅವನಿಗೇ. ಭಾನುವಾರ ಮಾತ್ರ ಅವನು ರಾಜ. ಒಂದು ಕಾಲಕ್ಕೆ ಒಳ್ಳೇ ಬೌಲರು, ಆಮೇಲೆ ಮಂಡಿ ಹೋಯ್ತು. ಓಡೋಕಾಗಲ್ಲ, ಬಗ್ಗೋಕಾಗಲ್ಲ. ಆದರೂ ಕ್ಯಾಪ್ಟನ್ ಕಿಟ್ಟಿ ಅವನನ್ನ ಟೀಮಿನಲ್ಲಿ ಇಟ್ಕೊಂಡಿದ್ದ. ಯಾಕಂದ್ರೆ ಎಂಥಾ ರನೌಟಿಗೂ ದೇವರಾಜ ಕಣ್ಣು ಮಿಟುಕಿಸದೆ "ನಾಟೌಟ್" ಅನ್ನೋನು.

"ದೇವಣ್ಣ ನಿಂತ್ರೆ ಅರ್ಧ ಮ್ಯಾಚ್ ಗೆದ್ದಂಗೆ ಮಗಾ" ಅಂತ ಕಿಟ್ಟಿ ಎಲ್ಲರೆದುರು ಹೊಗಳೋನು. ದೇವರಾಜನ ಹೆಂಡತಿ ಇಂದ್ರಾಣಿ, "ಆಡದೇ ಇರೋರಿಗೆ ಜೆರ್ಸಿ ಯಾಕ್ರೀ?" ಅಂತ ರೇಗಿಸಿದ್ರೆ ಅವನಿಗೆ ಮೂಗಿನ ತುದೀಲಿ ಕೋಪ. ಆ ಜೆರ್ಸಿ ಒಂದು ಹೋದ್ರೆ ತಾನು ಬರೀ ನೀರು ಬಿಡೋನು ಅನ್ನೋ ಭಯ ಅವನಿಗೆ.

ಯುಗಾದಿ ಕಳೆದ ಮೇಲೆ ಬಿಳೇಕಹಳ್ಳಿ ಟೀಮಿನ ಜೊತೆ ಫೈನಲ್ ಬಂತು. ಕೊನೇ ಓವರು. ಕಿಟ್ಟಿ ಹೊಡೆದು, ಮೂರನೇ ರನ್ನಿಗೆ ದೇವರಾಜ ನಿಂತಿದ್ದ ಕಡೆ ಏದುಸಿರು ಬಿಡ್ತಾ ಓಡಿ ಬಂದ. ಬಾಲು ಬಿಳೇಕಹಳ್ಳಿಯ ಬೌಲರ್ ವೇಣು ಕೈಗೆ ಬಂತು, ಅವನು ಸ್ಟಂಪ್ ಬೀಳಿಸಿದ. ಕಿಟ್ಟಿ ಇನ್ನೂ ಎರಡು ಮಾರು ಆಚೆ!

ದೇವರಾಜನ ಬಾಯಲ್ಲಿ "ನಾಟೌಟ್" ರೆಡಿಯಾಗಿತ್ತು. ಆದರೆ ಯಾರಾದ್ರೂ ಕೇಳಬೇಕಲ್ಲ! ಫೀಲ್ಡಿಂಗ್ ಟೀಮು ಅಪೀಲ್ ಮಾಡಿದ್ರೇ ತಾನೇ ಅಂಪೈರು ಹೇಳೋದು. ವೇಣು ಕೇಳಲೇ ಇಲ್ಲ. ಬಿದ್ದ ಸ್ಟಂಪ್ ನೆಟ್ಟು, ಬಾಲನ್ನ ಪ್ಯಾಂಟಿಗೆ ಒರೆಸ್ಕೊಂಡು ಮುಂದಿನ ಬಾಲ್ ಹಾಕೋಕೆ ಹೊರಟ. ದೂರದಲ್ಲಿ ಒಬ್ಬ ಕೈ ಎತ್ತಿದ್ದಕ್ಕೆ, "ಬಿಡೋ, ಆ ಅಣ್ಣನ್ನ ಏನ್ ಕೇಳೋದು" ಅಂದ. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಕಳ್ಳ ಅಂದಿದ್ರೆ ದೇವರಾಜ ತೋಳೇರಿಸಿ ಜಗಳಕ್ಕೆ ನಿಲ್ಲೋನು. ಇದನ್ನ ತಡ್ಕೊಳ್ಳೋಕಾಗಲಿಲ್ಲ. ಅಲ್ಲ ಸ್ವಾಮಿ, ಒಂದು ಮಾತು ಕೇಳೋಕೂ ಯೋಗ್ಯನಲ್ಲ ಅಂತ ಮನುಷ್ಯನನ್ನ ಹಂಗೆ ಬಿಟ್ಟುಬಿಡೋದಾ?

"ಕೇಳೋ" ಅಂದ ದೇವರಾಜ.

ವೇಣು ತಿರುಗಿದ. "ಏನಣ್ಣ?"

"ಅಪೀಲ್ ಮಾಡು."

"ತಮಾಷೆ ಬೇಡ ಅಣ್ಣ, ಟೈಮ್ ಆಗ್ತಿದೆ."

"ತಮಾಷೆ ಅಲ್ಲ ಕಣಪ್ಪ. ಒಂದ್ಸಲ ಕೇಳು, ಕೈ ಮುಗೀತೀನಿ."

"ದೇವಣ್ಣ, ತಲೆಗಿಲೆ ಕೆಟ್ಟಿದ್ಯಾ?" ಕಿಟ್ಟಿ ಗದರಿದ. ವೇಣು ಅನುಮಾನದಲ್ಲೇ, ಅರ್ಧ ದನಿಯಲ್ಲಿ, "ಹೌಝಾಟ್?" ಅಂದ. ದೇವರಾಜನ ಬೆರಳು ಮೇಲಕ್ಕೆ ಹೋಯ್ತು.

ಪಾಳ್ಯದವರು ಸೋತರು. ಆಮೇಲೆ ಟೀ ಅಂಗಡಿಯಲ್ಲಿ ಎಲ್ಲರ ಕೈಗೂ ಗ್ಲಾಸ್ ಬಂತು, ದೇವರಾಜನಿಗೆ ಬೇಕಾ ಅಂತ ಒಬ್ಬನೂ ಕೇಳಲಿಲ್ಲ. ಸಂಜೆಯೊಳಗೆ ವಾಟ್ಸಾಪ್ ಗ್ರೂಪಿನಿಂದ ತೆಗೆದರು. ಮುಂದಿನ ಭಾನುವಾರ ಜೆರ್ಸಿ ಹಾಕ್ಕೊಂಡು ಹೋದ್ರೆ ಕಿಟ್ಟಿ ಎಲ್ಲೋ ನೋಡ್ತಾ, "ಹನ್ನೊಂದು ಜನ ಆಗೋದ್ರು ಅಣ್ಣ" ಅಂದ. ಮನೆಗೆ ಬಂದು ದೇವರಾಜ ಹೆಂಡತಿ ಮುಂದೆ ಅತ್ತುಬಿಟ್ಟ.

"ಇಷ್ಟು ವರ್ಷ ಸುಳ್ಳು ಹೇಳ್ದಾಗ ತಲೆ ಮೇಲೆ ಹೊತ್ಕೊಂಡು ಕುಣಿದ್ರಲ್ಲ, ಅವರ ಮನೆ ಹಾಳಾಗ!" ಅಂತ ಇಂದ್ರಾಣಿ ಶಾಪ ಹಾಕಿದಳು. ಆವತ್ತಿಂದ ಅವಳು ಜೆರ್ಸಿ ಸುದ್ದಿ ಎತ್ತಲಿಲ್ಲ.

ಮೈದಾನದ ಚಟ ಎಲ್ಲಿ ಬಿಡುತ್ತೆ? ಅದರ ಮುಂದಿನ ವಾರ ದೇವರಾಜ ಮಾಮೂಲಿ ಶರ್ಟಿನಲ್ಲೇ ಹೋಗಿ ಕಾಂಪೌಂಡ್ ಮೇಲೆ ಕೂತ. ಅರೆಕೆರೆಯವರ ಬ್ಯಾಟಿಂಗು, ಕಿಟ್ಟಿ ಕೀಪರ್. ಬ್ಯಾಟ್ಸ್‌ಮನ್ ಮುಂದೆ ನುಗ್ಗಿ ಬಾಲ್ ಬಿಟ್ಟ, ಕಿಟ್ಟಿ ಸ್ಟಂಪ್ ಹಾರಿಸಿದ. ಅರೆಕೆರೆಯ ಅಂಪೈರು ತಲೆ ಅಲ್ಲಾಡಿಸಿದ. ನಾಟೌಟ್!

ಕಿಟ್ಟಿ ಕ್ಯಾಪ್ ಕಿತ್ತು ನೆಲಕ್ಕೆ ಬಡಿದ. "ಮಾನ ಮರ್ಯಾದೆ ಇದ್ಯಾ ನಿಂಗೆ? ಹೊಟ್ಟೆಗೆ ಏನ್ ತಿಂತೀಯಾ?" ಅಂತ ಕೂಗಾಡಿದ. ಹಂಗೇ ಕಾಂಪೌಂಡ್ ಕಡೆ ಕಣ್ಣು ಬಿತ್ತು. "ದೇವಣ್ಣ, ನೀನೇ ಹೇಳು! ಇದು ಔಟ್ ತಾನೇ?"

ಮೈದಾನವೆಲ್ಲ ದೇವರಾಜನ ಕಡೆ ತಿರುಗಿತು. ಅವನು ಅರೆಕೆರೆಯ ಅಂಪೈರನ್ನ ನೋಡಿದ. ಹೊಟ್ಟೆ ಬಂದ, ನರೆತ ಮನುಷ್ಯ. ಬಿಗಿಯಾದ ಜೆರ್ಸಿಯನ್ನ ಕೆಳಗೆ ಎಳ್ಕೊಳ್ತಾ ನೆಲ ನೋಡ್ತಿದ್ದ.

"ಔಟೇ ಕಿಟ್ಟಿ" ಅಂದ ದೇವರಾಜ. "ಆದ್ರೆ ಅವನನ್ನ ಬೈಬೇಡ ಕಣೋ. ಪಾಪ, ಅವನೂ ಮುಂದಿನ ವಾರ ಟೀಮಲ್ಲಿ ಇರ್ಬೇಕಲ್ಲ."