ಭಾಗ್ಯಕ್ಕನ ಸೀಟು

ಹಲಸೂರಿನ ಬಜಾರ್ ಬೀದಿಯಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುವ ರಾಜೇಶ್ವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಫುಟ್‌ಬಾಲ್ ಪಂದ್ಯವಿದ್ದ ದಿನವಂತೂ ಅದು ಬಾಯಿಗೇ ಇಳಿದಿರುತ್ತದೆ. ಬೆಳಗ್ಗೆಯೇ ಗಿರಾಕಿಗಳನ್ನು ಗದರಿ ಕಳಿಸಿ, ಮಧ್ಯಾಹ್ನ ಅಂಗಡಿಗೆ ಬೀಗ ಜಡಿದು, ಕ್ರೀಡಾಂಗಣದ ಬಸ್ಸು ಹತ್ತುವವಳು ಅವಳು.

ಅಲ್ಲಿ ಅವಳ ಪಕ್ಕದ ಸೀಟು ಗೌತಮಪುರದ ಗೆಳತಿ ಭಾಗ್ಯಲಕ್ಷ್ಮಿಯದು. ಊರಿನ ಫುಟ್‌ಬಾಲ್ ಕ್ಲಬ್ಬು ಹುಟ್ಟಿದಾಗಿನಿಂದ ಇಬ್ಬರೂ ಜೊತೆಯಾಗಿಯೇ ಸೀಸನ್ ಟಿಕೆಟ್ ತೆಗೆದುಕೊಂಡವರು. ಯಾವ ಪಂದ್ಯವಾದರೂ ಅವೇ ಎರಡು ಕುರ್ಚಿ. ರೆಫರಿಯನ್ನು ಬೈಯುವುದು ರಾಜೇಶ್ವರಿಯ ಪಾಲು, ಅವಳ ಸೆರಗು ಹಿಡಿದೆಳೆದು ಕೂರಿಸುವುದು ಭಾಗ್ಯಕ್ಕನ ಪಾಲು.

ಈ ಸಲ ಸೀಸನ್ ಶುರುವಾಗುತ್ತಿದ್ದಂತೆ ಭಾಗ್ಯಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ, ಹೊರಮಾವಿನ ಮಗಳ ಮನೆಯಲ್ಲಿ ಮಂಚ ಹಿಡಿದಳು. ವಾಕರ್ ಹಿಡಿದು ನಡೆದರೆ ಮೊದಲಿನಂತಾಗುತ್ತೀರಿ ಎಂದು ಡಾಕ್ಟರು ಹೇಳಿದ್ದೇ ಬಂತು, ಈಕೆ ಜಪ್ಪಯ್ಯ ಅಂದರೂ ಏಳಲಿಲ್ಲ. ನನ್ನ ಕಥೆ ಮುಗಿಯಿತು ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು.

ರಾಜೇಶ್ವರಿಗೆ ತೋಚಿದ್ದು ಒಂದೇ. ಪ್ರತಿ ಪಂದ್ಯಕ್ಕೂ ಭಾಗ್ಯಕ್ಕನ ಹಸಿರು ಶಾಲನ್ನು ಒಯ್ದು ಆ ಕುರ್ಚಿಗೆ ಹೊದಿಸಿಡುತ್ತಿದ್ದಳು. ಖಾಲಿ ಇದೆಯಲ್ಲ ಎಂದು ಯಾರಾದರೂ ಕೂರಲು ಬಂದರೋ, ಅವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

ಹೀಗಿರುವಾಗ ಕ್ಲಬ್ಬಿನಿಂದ ಅವಳ ಫೋನಿಗೆ ಮೆಸೇಜು ಬಂತು. ಎರಡೂ ಟಿಕೆಟ್ ಇದ್ದದ್ದು ಅವಳ ಫೋನಿನಲ್ಲೇ. ಪಕ್ಕದ ಸೀಟಿನವರು ಬರುತ್ತಿಲ್ಲ, ಬೇರೆಯವರಿಗೂ ಬಿಟ್ಟುಕೊಟ್ಟಿಲ್ಲ, ಹೀಗೇ ಖಾಲಿ ಉಳಿದರೆ ಮುಂದಿನ ಸೀಸನ್‌ಗೆ ಅದು ಕಾಯುತ್ತಿರುವ ಬೇರೊಬ್ಬರ ಪಾಲಾಗುತ್ತದೆ ಎಂದಿತ್ತು. ಕಾಯಲು ಹೊರಟವಳೇ ಕಳೆದಳು ಎಂದಾದರೆ ಭಾಗ್ಯಕ್ಕನಿಗೆ ಯಾವ ಮುಖ ತೋರಿಸುವುದು?

ಕೈಯಲ್ಲಿದ್ದ ಕತ್ತರಿ ಬಿಸುಟು ನೇರ ಕ್ಲಬ್ಬಿನ ಆಫೀಸಿಗೆ ಹೋಗಿ ಜಗಳಕ್ಕೆ ನಿಂತಳು. ಅಲ್ಲಿದ್ದ ಬೃಂದಾ ಎಂಬ ಹುಡುಗಿ, ಪಾಪ, ಅಷ್ಟೂ ಬೈಗುಳ ಕೇಳಿಸಿಕೊಂಡು, ನೀರು ಕೊಟ್ಟು, ಫೋನಿನಲ್ಲೇ ತೋರಿಸಿಕೊಟ್ಟಳು. ಬರಲಾಗದ ಪಂದ್ಯಕ್ಕೆ ಮಾತ್ರ ಸೀಟು ಬಿಟ್ಟುಕೊಡಬೇಕು. ಕ್ಲಬ್ಬು ಅದನ್ನು ಆ ಒಂದು ದಿನಕ್ಕೆ ಬೇರೆಯವರಿಗೆ ಮಾರಿ, ಬಂದದ್ದನ್ನು ಭಾಗ್ಯಕ್ಕನ ಮುಂದಿನ ಟಿಕೆಟ್ಟಿಗೆ ಜಮಾ ಮಾಡುತ್ತದೆ. ಸೀಟು ಭಾಗ್ಯಕ್ಕನ ಹೆಸರಲ್ಲೇ ಉಳಿಯುತ್ತದೆ.

“ಬಿಟ್ಟುಕೊಟ್ರೇನೇ ಆಂಟಿ, ಉಳ್ಯೋದು,” ಅಂದಳು ಬೃಂದಾ.

ರಾಜೇಶ್ವರಿ ಬಟನ್ ಒತ್ತಿದಳು. ಗೆಳತಿಯನ್ನು ತಾನೇ ಮನೆಯಿಂದಾಚೆ ಕಳಿಸಿದ ಹಾಗನ್ನಿಸಿ ಕಣ್ಣು ತುಂಬಿತು.

ಮುಂದಿನ ಪಂದ್ಯಕ್ಕೆ ಆ ಕುರ್ಚಿಗೆ ಬಂದವಳು ರೇವತಿ. ಯಾದಗಿರಿ ಕಡೆಯ ಹೆಣ್ಣು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ಮಾಲ್‌ನಲ್ಲಿ ಸೆಕ್ಯುರಿಟಿ ಕೆಲಸ. ಎಷ್ಟು ಸಲ ನೋಡಿದರೂ ಟಿಕೆಟ್ ಮುಗಿದಿರುತ್ತಿತ್ತಂತೆ, ಇವತ್ತು ಹೇಗೋ ಸಿಕ್ಕಿತಂತೆ. ರಾಜೇಶ್ವರಿ ಹೂಂ ಎನ್ನದೆ ಮುಖ ತಿರುಗಿಸಿಕೊಂಡಳು. ಎಷ್ಟು ಹೊತ್ತು ಸಾಧ್ಯ? ಆಟ ಕಾವೇರಿದ್ದೇ ತಡ, ರೇವತಿ ಎದ್ದು ನಿಂತು ರೆಫರಿಯ ಜನ್ಮ ಜಾಲಾಡತೊಡಗಿದಳು. ರಾಜೇಶ್ವರಿಯ ಬೈಗುಳವೇ ಅದರ ಮುಂದೆ ಸಪ್ಪೆಯಾಯಿತು. ಕೊನೆಗೆ ಅವಳೇ ಆ ಹುಡುಗಿಯ ವೇಲ್ ಹಿಡಿದೆಳೆದು ಕೂರಿಸಬೇಕಾಯಿತು. ಅದು ಭಾಗ್ಯಕ್ಕನ ಕೆಲಸವೆಂದು ನೆನಪಾಗಿ, ಅಳುವೂ ನಗುವೂ ಒಟ್ಟಿಗೇ ಬಂದವು.

ವಿರಾಮದಲ್ಲಿ ಹೊರಮಾವಿನಿಂದ ವಿಡಿಯೋ ಕಾಲ್ ಬಂತು. ಮಂಚದ ಮೇಲಿನಿಂದಲೇ ಭಾಗ್ಯಕ್ಕ ನೋಡಿಬಿಟ್ಟಳು.

“ಯಾರೇ ಅದು, ನನ್ ಸೀಟಲ್ಲಿ?”

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮೆಸೇಜು ಬಂದದ್ದು, ಆಫೀಸಿನ ಜಗಳ, ಬಟನ್ ಒತ್ತಿದ್ದು, ಎಲ್ಲವನ್ನೂ ರಾಜೇಶ್ವರಿ ಒದರಿದಳು. ರೇವತಿ ಪಕ್ಕದಿಂದ ಬಗ್ಗಿ, ಒಳ್ಳೆ ಮನಸ್ಸಿನಿಂದಲೇ ಹೇಳಿದಳು: “ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ನೀವ್ ಬರೋತನ ನಾನೇ ಕುಂದುರ್ತೀನ್ರಿ.”

ಭಾಗ್ಯಕ್ಕನ ಮುಖ ಕೆಂಪೇರಿತು. ಈ ಸಲ ಅದು ಗೋಡೆಯ ಕಡೆ ತಿರುಗಲಿಲ್ಲ.

“ತುಂಬಾ ದಿನ ಕೂರಕ್ಕೆ ಬಿಡಲ್ಲ ಕಣಮ್ಮ,” ಎಂದವಳೇ ಮಗಳನ್ನು ಕೂಗಿದಳು. “ಆ ವಾಕರ್ ತಾರೇ ಇಲ್ಲಿ.”