ಲವಂಗ ಚುಚ್ಚಿದ ಬಿಳಿ ಬಿಸ್ಕತ್ತು

ಇವತ್ತು ಆಫೀಸಿನ ಕ್ರಿಸ್‌ಮಸ್ ತಟ್ಟೆಯಲ್ಲಿ, ಮೈತುಂಬ ಸಕ್ಕರೆ ಪುಡಿ ಮೆತ್ತಿಕೊಂಡು ನಡುವೆ ಲವಂಗ ಚುಚ್ಚಿಸಿಕೊಂಡ ಬಿಸ್ಕತ್ತು ಕಂಡೆ. ಕುರಬಿಯೇದೆಸ್ ಅಂತೆ, ಗ್ರೀಸ್ ದೇಶದ್ದು. ನನಗೆ ಮಾತ್ರ ಅದು ವರ್ತೂರಿನದು.

ನಾನು ಚಿಕ್ಕವಳಿದ್ದಾಗ ಅಲ್ಲೊಂದು ಅಪಾರ್ಟ್‌ಮೆಂಟಿನಲ್ಲಿ ಗ್ರೀಕ್ ಮೇಡಂ ಒಬ್ಬರ ಮನೆಯಲ್ಲಿ ಅವ್ವ ಪಾತ್ರೆ ತೊಳೆಯುತ್ತಿದ್ದಳು. ಕೆಲಸಕ್ಕೆ ಮಕ್ಕಳನ್ನು ಕರೆತರುವಂತಿರಲಿಲ್ಲ. ಶಾಲೆಗೆ ರಜೆಯಿದ್ದಾಗ ನನ್ನನ್ನು ಅಡುಗೆಮನೆಯ ಹಿಂದೆ, ವಾಷಿಂಗ್ ಮೆಷಿನ್ ಇಡುವ ಜಾಗದಲ್ಲಿ ಕೂರಿಸಿ ಚಿಲಕ ಹಾಕುತ್ತಿದ್ದಳು. ಒಂದು ಕಡೆ ಕಬ್ಬಿಣದ ಸರಳು, ಇನ್ನೊಂದು ಕಡೆ ಬಾಗಿಲು. ಜೇನುಪಾಕದ ಮತ್ತು ಬೆಣ್ಣೆಯ ಘಮ ಮಾತ್ರ ಸಂದಿಯಿಂದ ನುಸುಳಿ ಬರುತ್ತಿತ್ತು.

ಒಂದು ಕ್ರಿಸ್‌ಮಸ್ ದಿನ ಒಳಗೆ ನೆಂಟರ ನಗು. ಅವ್ವ ಬಾಗಿಲು ಓರೆ ಮಾಡಿ ಒಂದು ಬಿಸ್ಕತ್ತು ಕೊಟ್ಟಳು. "ಮ್ಯಾಲೆ ಹಸಿ ಹಿಟ್ಟು ಹಂಗ ಉಳದೈತಿ, ಊದಿ ತಿನ್ನು. ಸಪ್ಪಳ ಮಾಡಬ್ಯಾಡ."

ಊದಿದೆ. ಅದು ಹಿಟ್ಟಾಗಿರಲಿಲ್ಲ, ಸಕ್ಕರೆ. ಕಣ್ಣು, ಮೂಗು, ಗಂಟಲಿಗೆಲ್ಲ ಹೊಕ್ಕಿತು. ಕೆಮ್ಮಿದರೆ ಅವ್ವನ ಕೆಲಸ ಹೋಗುತ್ತದೆ ಎಂದು ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡೆ. ಆದರೂ ಕೆಮ್ಮು ಬಂದೇಬಿಟ್ಟಿತು.

ಬಾಗಿಲು ತೆರೆದವರು ಮೇಡಂ. ಹಿಂದೆ ಅವ್ವ ತಲೆ ತಗ್ಗಿಸಿ "ಸಾರಿ ಮೇಡಂ, ಸಾರಿ ಮೇಡಂ" ಅನ್ನುತ್ತಿದ್ದಳು. ಮೇಡಂ ನನ್ನ ಬಿಳಿ ಮುಖ ನೋಡಿ ನಕ್ಕರು. ಇನ್ನೊಂದು ಬಿಸ್ಕತ್ತು ತಂದು, ಉಸಿರು ಬಿಗಿಹಿಡಿದು ಕಚ್ಚಬೇಕೆಂದು ಮೂಗು ಮುಚ್ಚಿ ತೋರಿಸಿಕೊಟ್ಟರು. ಕೆನ್ನೆ ಸವರಿದರು. ಆಮೇಲೆ ತಾವೇ ಚಿಲಕ ಹಾಕಿದರು.

ಇವತ್ತು ಬಿಸ್ಕತ್ತು ಕಚ್ಚಿದವರೆಲ್ಲ ಕೆಮ್ಮಿ ಕೆಮ್ಮಿ ನಗುತ್ತಿದ್ದರು. "ನಿಮ್ಗೇನೂ ಆಗ್ಲೇ ಇಲ್ವಲ್ರೀ, ಹೇಗೆ?" ಎಂದು ಪಕ್ಕದ ಸೀಟಿನವಳು ಕೇಳಿದಳು.

ನಾನು ತುಟಿಯ ಮೇಲಿನ ಸಕ್ಕರೆ ಒರೆಸಿಕೊಂಡೆ. ಬಿಸ್ಕತ್ತು ಮುಗಿದಿತ್ತು, ಉಸಿರು ಮಾತ್ರ ಇನ್ನೂ ಬಿಟ್ಟಿರಲಿಲ್ಲ.